ಸೂರಿನ ದೋಣಿಯಲ್ಲಿ ಬೇವಿನೆಲೆ

ರಾಂಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಬಸ್ ಕಂಡಕ್ಟರ್. ಮಳೆನೀರು ಹಿಡಿಯಲು ಪೈಪು ಸೀಳಿ ತಾವೇ ಸೂರಿಗೆ ದೋಣಿ ಕಟ್ಟಿದ್ದರು. ಅದರಲ್ಲಿ ಬೇವಿನೆಲೆ ತುಂಬುತ್ತದೆಂದು ದಿನಾ ಸಂಜೆ ಏಣಿ ಹತ್ತುತ್ತಿದ್ದರು. ಕೇಳಿದರೆ, "ಎಲೆ ಕೊಳೆತ ನೀರು ಕುಡಿಯೋಕಾಗ್ತೈತೇನ್ರಿ?" ಅನ್ನುತ್ತಿದ್ದರು. ಇಳಿಯಲು ಮಾತ್ರ ಗಂಟೆ ಹಿಡಿಯುತ್ತಿತ್ತು.

ಒಂದು ಸಂಜೆ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಳೆ ಕೂಡಿದ ಮೇಲೂ ಡಾಕ್ಟರು ಏಣಿ ಹತ್ತಬೇಡಿ ಅಂದರು. ಮುಂದೆ ಮೋಡ ಕಟ್ಟಿದ ದಿನ ಅವರ ಹೆಂಡತಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು. ಏಣಿ ಹಿಡಿಯಲು ನಾನೂ ಹೋದೆ. ಎರಡು ಹಿಡಿ ಎಲೆ ತೆಗೆದ ಆಕೆ ರಸ್ತೆ ಕಡೆ ನೋಡುತ್ತಾ ನಿಂತುಬಿಟ್ಟರು.

"ಇಲ್ಲಿಂದ ಬಸ್ ಸ್ಟ್ಯಾಂಡ್ ಕಾಣ್ತೈತಲ್ರಿ," ಅಂದರು.

ಗಂಡ ಏಣಿಯನ್ನು ಗಟ್ಟಿಯಾಗಿ ಹಿಡಿದು ನೆಲ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು: "ಬಳ್ಳಾರಿ ಗಾಡಿ ಬಂದೈತಾ?"