ಕುರ್ಚಿಯಲ್ಲಿ ಕೇಳಿದ ಬೆಲೆ

ಮಿಸೆಸ್ ವಾರ್ಡ್ಲಾ ಪ್ರತಿ ಶುಕ್ರವಾರದಂತೆ ಮಧ್ಯಾಹ್ನ ಎರಡಕ್ಕೆ ಬಂದು ಕುರ್ಚಿಯಲ್ಲಿ ಕುಳಿತಾಗ ಗ್ಲೆನಿಸ್ ಪ್ರಾಟ್ಲಿಯ ಕೈಯಿಂದ ಬಾಚಣಿಗೆ ಜಾರಿ ಬಿತ್ತು.

ಗ್ಲೆನಿಸ್ ಬರ್ನಿ ಊರಿನ ಬಂದರು ರಸ್ತೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಸ್ವಂತ ಅಂಗಡಿಯಾದ್ದರಿಂದ ಪಿಂಚಣಿಗೆಂದು ದುಡ್ಡು ಕಟ್ಟುವ ಮಾಲೀಕರಿರಲಿಲ್ಲ. ಇತ್ತೀಚೆಗೆ ಬೆಳಗಿನ ಹೊತ್ತು ಬೆರಳುಗಳು ಮಡಚುತ್ತಿರಲಿಲ್ಲ. ಅವು ಪೂರ್ತಿ ಕೈಕೊಡುವ ಮೊದಲು ಬಾಡಿಗೆ ಬರುವ ಒಂದು ಮನೆಯಾಗಬೇಕು, ಅಷ್ಟೇ ಅವಳ ಆಸೆ. ಬ್ಯಾಂಕು ಒಪ್ಪಿದ ಸಾಲಕ್ಕೆ ಹೊಂದುವಂಥದ್ದು ಊರಲ್ಲಿ ಒಂದೇ ಇತ್ತು: ಮಿಸೆಸ್ ವಾರ್ಡ್ಲಾರ ತೀರಿಹೋದ ತಂಗಿಯ ಪುಟ್ಟ ಮನೆ. ಹೇಳುತ್ತಿದ್ದ ಬೆಲೆ ಮೂರು ಲಕ್ಷ ಮೂವತ್ತೈದು ಸಾವಿರ ಡಾಲರ್.

ಕಳೆದ ವಾರ ಇದೇ ಕುರ್ಚಿಯಲ್ಲಿ ಅವರು ಅಂದಿದ್ದರು: "ಯಾರಾದ್ರೂ ಮೂರು ಹತ್ತು ಅಂದ್ರೂ ಕೊಟ್ಟು ಕೈತೊಳ್ಕೋತೀನಿ ಕಣೇ. ಆ ಏಜೆಂಟ್ ಹುಡುಗನಿಗೆ ಮಾತ್ರ ಹೇಳ್ಬೇಡ." ಆ ಮನೆಯ ಮೇಲೆ ಗ್ಲೆನಿಸ್‌ಗೆ ಕಣ್ಣಿರುವುದು ಅವರಿಗೆ ಗೊತ್ತಿರಲಿಲ್ಲ.

ನಿನ್ನೆ, ಗುರುವಾರ, ಗ್ಲೆನಿಸ್ ಮೂರು ಲಕ್ಷ ಹತ್ತು ಸಾವಿರದ ಆಫರ್‌ಗೆ ಸಹಿ ಹಾಕಿದ್ದಳು. ಜೀವಮಾನದ ಮೊದಲನೆಯದು. ಏಜೆಂಟ್ ಕೈರನ್ ಅದನ್ನು ಇವತ್ತು ನಾಲ್ಕಕ್ಕೆ ಮಿಸೆಸ್ ವಾರ್ಡ್ಲಾರಿಗೆ ತೋರಿಸುವವನಿದ್ದ.

"ಗೊತ್ತಿದ್ದೂ ಜಾಸ್ತಿ ಕೊಡೋಕೆ ನಿಂಗೇನು ಹುಚ್ಚಾ?" ಎಂದು ಗಂಡ ನೆವಿಲ್ ನಕ್ಕಿದ್ದ. "ಕೇಳಿದ್ದನ್ನೆಲ್ಲ ಹೊಟ್ಟೇಲಿಟ್ಕೊಳ್ಳೋಕೆ ನೀನೇನು ಪಾದ್ರೀನಾ?"

ಈಗ ಒದ್ದೆ ಕೂದಲನ್ನು ಸುರುಳಿ ಮಾಡುವ ರೋಲರಿಗೆ ಸುತ್ತುತ್ತಿದ್ದ ಗ್ಲೆನಿಸ್ ಕನ್ನಡಿಯತ್ತ ನೋಡಲಿಲ್ಲ.

"ಯಾರೋ ಆಫರ್ ಕೊಟ್ಟಿದಾರಂತೆ," ಎಂದರು ಮಿಸೆಸ್ ವಾರ್ಡ್ಲಾ. "ಎಷ್ಟು ಅಂತ ಫೋನಲ್ಲಿ ಹೇಳಲ್ವಂತೆ ಆ ಹುಡುಗ. ದೊಡ್ಡ ಮಂತ್ರಿ! ಅಯ್ಯೋ, ಎಳೀಬೇಡ್ವೇ! ಏನಾಗಿದೆ ನಿನ್ನ ಕೈಗೆ?"

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನಾಲ್ಕಕ್ಕೆ ಅವರು ತನ್ನ ಹೆಸರನ್ನೂ ಆ ಮೊತ್ತವನ್ನೂ ಒಟ್ಟಿಗೆ ಓದುತ್ತಾರೆ. ಆಗ ತಾನು ಎದುರಿಗಿರುವುದಿಲ್ಲ. ಗ್ಲೆನಿಸ್‌ಗೆ ಅದೇ ಹೆಚ್ಚು ಭಯ ತಂದಿತು.

"ಆಫರ್ ನಂದು, ಮಿಸೆಸ್ ವಾರ್ಡ್ಲಾ. ಮೂರು ಹತ್ತು."

ಅವರು ಕುರ್ಚಿಯ ತೋಳು ಹಿಡಿದು ಅರ್ಧ ಎದ್ದರು, ಕನ್ನಡಿ ನೋಡಿ ಮತ್ತೆ ಕುಳಿತರು. ತಲೆ ತುಂಬ ರೋಲರ್ ಇಟ್ಟುಕೊಂಡು ಬಂದರು ರಸ್ತೆಗೆ ಇಳಿಯುವ ಹೆಂಗಸು ಅವರಲ್ಲ.

"ಡ್ರೈಯರ್ ಕೆಳಗೆ ಕೂರಿಸು ನನ್ನ."

ತಲೆಗೆ ಕವುಚಿದ ಡ್ರೈಯರಿನ ಗುಡುಗಿನಡಿ ಅವರು ಕಣ್ಣುಮುಚ್ಚಿ ಕುಳಿತರು. ಗ್ಲೆನಿಸ್ ಗುಡಿಸಿದ ನೆಲವನ್ನೇ ಮತ್ತೆ ಮತ್ತೆ ಗುಡಿಸಿದಳು. ಹೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು. ಮನೆಯೂ ಹೋಯಿತು, ಇವರೂ ಹೋದರು. ನಾಳೆಯೊಳಗೆ ಇಲ್ಲಿಗೆ ಬರುವ ಇವರ ಸ್ನೇಹಿತೆಯರೂ ಹೋಗುತ್ತಾರೆ.

ರೋಲರ್ ಬಿಚ್ಚುವಾಗ ಅವರೇ ಮಾತೆತ್ತಿದರು. "ಇಷ್ಟು ವರ್ಷ ಈ ಕುರ್ಚೀಲಿ ಏನೇನು ಬಾಯಿಬಿಟ್ಟಿದೀನಿ ಅಂತ ನೆನೆಸ್ಕೋತಿದ್ದೆ. ನಮ್ಮನೆಯವರ ವಿಷಯ ಕೂಡ."

"ಒಂದು ಮಾತೂ ಹೊರಗೆ ಹೋಗಿಲ್ಲ."

"ಗೊತ್ತು. ಹೋಗಿದ್ದು ಇದೊಂದೇ. ಅದೂ ನಿನ್ನ ಜೇಬಿಗೆ."

ಗ್ಲೆನಿಸ್ ಕೊನೆಯ ರೋಲರ್ ಬಿಚ್ಚಿ ಕೂದಲು ಬಾಚಿದಳು. ಅವರು ದುಡ್ಡು ಕೊಟ್ಟು ಹೊರಟರು. ಎಂದಿನಂತೆ "ಮುಂದಿನ ವಾರ ಸಿಗೋಣ" ಅನ್ನಲಿಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಕೈರನ್ ಫೋನ್ ಮಾಡಿದ. "ಮೂರು ಹದಿನೆಂಟು ಅಂತಿದಾರೆ. ಒಂದು ಡಾಲರೂ ಇಳಿಯಲ್ವಂತೆ. ಗುಟ್ಟು ಗೊತ್ತಿಲ್ಲದವರು ಕೊಡೋ ಬೆಲೆ ಅದು ಅಂದ್ರು. ಏನದು? ನಂಗಂತೂ ತಲೆಬುಡ ಅರ್ಥ ಆಗ್ಲಿಲ್ಲ."

ಅಷ್ಟಕ್ಕೆ ಸಾಲ ಸಾಕಿತ್ತು. ನೆವಿಲ್‌ನನ್ನು ಕೇಳಬೇಕು ಅನ್ನಿಸಲಿಲ್ಲ.

"ಒಪ್ಪಿದೆ," ಎಂದಳು. ಆಮೇಲೆ ತಡೆದು ತಡೆದು ಕೇಳಿದಳು: "ಶುಕ್ರವಾರ ಬರೋ ಬಗ್ಗೆ ಏನಾದ್ರೂ ಅಂದ್ರಾ?"

"ಶುಕ್ರವಾರನಾ? ಯಾವ ಶುಕ್ರವಾರ?"

"ಏನಿಲ್ಲ ಬಿಡಪ್ಪ. ಕಾಗದ ತಗೊಂಡು ಬಾ."