ನೀವು ಕೈಮುಗಿದ ದಿನ

ಯಶೋದಾ ಅವರೇ, ನವೀನನ ಬ್ಯಾಗಿನಲ್ಲಿ ಸಿಕ್ಕ ಮಾತ್ರೆಗಳನ್ನು ಅವನಿಗೆ ಕೊಟ್ಟವಳು ನನ್ನ ಮಗಳು ಶ್ರುತಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ನಾನು ಇತಿಹಾಸ ಪಾಠ ಮಾಡುವವಳು. ಪೀಠಿಕೆ ಹಾಕತೊಡಗಿದರೆ ಕಾರಣಗಳು ಒಂದೊಂದಾಗಿ ಬಂದು ಸೇರುತ್ತವೆ, ಕಾರಣಗಳು ಸೇರಿದಷ್ಟೂ ತಪ್ಪು ಸಣ್ಣದಾಗಿ ಕಾಣುತ್ತದೆ.

ಆ ಭಾನುವಾರ ನಿಮಗೆ ನೆನಪಿರಬೇಕು. ಶ್ರೀರಾಂಪುರದ ಶಾಲೆಯ ಹಾಲ್‌ನಲ್ಲಿ ನಮ್ಮ ಒಕ್ಕೂಟದ ಮೊದಲ ಸಭೆ. ಮಕ್ಕಳು ಮಾತ್ರೆ, ಗಾಂಜಾದ ದಾರಿ ಹಿಡಿಯದಂತೆ ಏನಾದರೂ ಮಾಡಬೇಕೆಂದು ಮಲ್ಲೇಶ್ವರ, ಶ್ರೀರಾಂಪುರ, ಓಕಳಿಪುರಂನಿಂದ ಬಂದ ನಲವತ್ತು ಜನ — ತಂದೆತಾಯಂದಿರು, ಮೇಷ್ಟರುಗಳು, ಒಬ್ಬ ಡಾಕ್ಟರು, ಆಟೋ ಸ್ಟ್ಯಾಂಡಿನ ಇಬ್ಬರು, ಮೆಡಿಕಲ್ ಶಾಪಿನ ಪ್ರಭಾಕರ್. ಎಲ್ಲರೂ ‘ಸಮಾಜ’, ‘ಯುವಜನತೆ’ ಅನ್ನುತ್ತಿದ್ದೆವು. ಬ್ಲೌಸ್ ಹೊಲಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದ ನೀವು ಎದ್ದು ನಿಂತಿರಿ.

“ನಮ್ಮನೆ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಬೀದಿ ಕಸ ಆಮೇಲೆ ಗುಡಿಸೋಣ. ನನ್ ಮಗನ್ನ ಕಾಲೇಜಿಂದ ತೆಗೆದ್ಹಾಕಿದಾರೆ. ಬ್ಯಾಗಲ್ಲಿ ಮಾತ್ರೆ ಸಿಕ್ತು. ಯಾರ್ ಕೊಟ್ರೋ ಅಂದ್ರೆ ಬಾಯೇ ಬಿಡ್ತಿಲ್ಲ. ಅವನಿಂದ ನಿಮ್ ಮಕ್ಳು ಯಾರಾದ್ರೂ ಕೆಟ್ಟಿದ್ರೆ... ತಪ್ಪಾಯ್ತು.”

ಹೇಳಿ, ಇಡೀ ಹಾಲ್‌ಗೆ ಕೈಮುಗಿದಿರಿ.

ನಿಮ್ಮ ನಂತರ ಸರದಿ ನನ್ನದು. ನಾನು ಹೇಳಿದ ಮಾತು ಇದು: “ನಮ್ಮನೇಲಿ ಅಂಥದ್ದೇನೂ ಇಲ್ಲ. ನನ್ನ ವಿದ್ಯಾರ್ಥಿಗಳಿಗೋಸ್ಕರ ಬಂದಿದೀನಿ.” ಅಷ್ಟಕ್ಕೇ ಕೂರಲಿಲ್ಲ. ಮುಗಿದ ನಿಮ್ಮ ಕೈಗಳನ್ನು ಹಿಡಿದು, “ನಿಮ್ಮಂಥ ಧೈರ್ಯ ಎಲ್ಲ ತಾಯಂದಿರಿಗೂ ಬರಲಿ” ಅಂದೆ. ಜನ ಚಪ್ಪಾಳೆ ತಟ್ಟಿದರು. ನಾನು ಕೇಳಬೇಕಿದ್ದ ಕ್ಷಮೆಯನ್ನು ನೀವು ಕೇಳಿದಿರಿ — ನಾನು ಅದನ್ನು ದೊಡ್ಡ ಮನಸ್ಸಿನಿಂದ ಸ್ವೀಕರಿಸಿದೆ.

ವಿಷಯ ನನಗೆ ಆಮೇಲೆ ತಿಳಿದದ್ದೆಂದೇ ಇಷ್ಟು ವರ್ಷ ನಂಬಿದ್ದೆ. ಸಭೆಯಾಗಿ ಎಷ್ಟೋ ವಾರದ ಮೇಲೆ, ಶ್ರುತಿಗೆ ಮಾತ್ರೆಯ ಚಟ ಬಿಡಿಸುವ ಚಿಕಿತ್ಸೆ ನಡೆಯುತ್ತಿದ್ದ ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಅಳುತ್ತಾ ಹೇಳಿದಳು ಅಂತ. ಆ ಬೆಂಚು, ಫಿನಾಯಿಲ್ ವಾಸನೆ ಎಲ್ಲ ನೆನಪಿತ್ತು. ಹೋದ ತಿಂಗಳು ಬೇರೇನೋ ಹುಡುಕುತ್ತಾ ಹಳೆಯ ಡೈರಿ ತೆರೆದೆ. ಸಭೆಗೆ ಹನ್ನೆರಡು ದಿನ ಮೊದಲಿನ ಪುಟ, ನನ್ನದೇ ಅಕ್ಷರ: ‘ನವೀನನಿಗೆ ಕೊಟ್ಟದ್ದು ಶ್ರುತಿ. ಟ್ಯೂಷನ್ನಿನ ಹತ್ತಿರ. ಯಾರಿಗೂ ಹೇಳಬಾರದು.’ ಆಸ್ಪತ್ರೆಗೆ ಸೇರಿಸಿದ್ದೇ ಅದಾದ ಮೇಲೆ. ಹಾಗಾದರೆ ಆ ಬೆಂಚಿನ ಮೇಲೆ ನಡೆದದ್ದೇನು? ಏನೂ ಇಲ್ಲವೇನೋ. ನನ್ನ ಅನುಕೂಲಕ್ಕೆ ನೆನಪೇ ಒಂದು ಬೆಂಚು ಹಾಕಿಕೊಟ್ಟಿತ್ತು.

ಸಭೆಗೆ ಯಾಕೆ ಬಂದೆನೆಂದು ಡೈರಿಯಲ್ಲಿಲ್ಲ. ಆದರೆ ಅದಕ್ಕೆ ಡೈರಿ ಬೇಕಿಲ್ಲ — ಯಾರ ಬಾಯಲ್ಲಾದರೂ ನಮ್ಮ ಮನೆಯ ಹೆಸರು ಬರುತ್ತದೆಯೇ ಎಂದು ಕೇಳಿಸಿಕೊಳ್ಳಲು ಬಂದಿದ್ದೆ. ಅಕ್ಕಪಕ್ಕದವರಿಗೆ ಶ್ರುತಿಗೆ ಕಾಮಾಲೆ ಎಂದು ಹೇಳಿದ್ದೆ.

ಹಾಗೆ ಬಂದವಳು ಉಳಿದದ್ದು ಮಾತ್ರ ನಿಮ್ಮಿಂದ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ನನ್ನ ತಪ್ಪಿಗಾಗಿ ಆ ಹೆಮ್ಮೆಯನ್ನು ಕಡಿಮೆ ಮಾಡಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಹೊಸದಾಗಿ ಬಂದವರು ಮೊದಲು ತಮ್ಮ ಮನೆಯ ಮಾತು ಹೇಳಬೇಕೆಂಬ ಪದ್ಧತಿ ನಿಮ್ಮಿಂದಲೇ ಬಂತು. ಎಂಥೆಂಥ ಮನೆಯವರು ಆ ಹಾಲ್‌ನಲ್ಲಿ ಬಾಯಿಬಿಟ್ಟಿದ್ದಾರೆ! ಪ್ರಭಾಕರ್ ಸುತ್ತಲಿನ ಮೆಡಿಕಲ್ ಶಾಪಿನವರನ್ನು ಒಬ್ಬೊಬ್ಬರನ್ನಾಗಿ ಒಪ್ಪಿಸಿದರು. “ಡಾಕ್ಟರ ಚೀಟಿ ಇಲ್ದೆ ನಮ್ಮಪ್ಪ ಬಂದ್ರೂ ಆ ಮಾತ್ರೆ ಕೊಡಲ್ಲ ಮೇಡಮ್” ಅಂತ ಈಗಲೂ ಎದೆ ತಟ್ಟಿಕೊಳ್ಳುತ್ತಾರೆ. ಕತ್ತಲಾಗಿದ್ದ ಮೈದಾನಕ್ಕೆ ದೀಪ ಬಂತು. ಕಾಲೇಜು ಬಿಟ್ಟು ಐಟಿಐ ಸೇರಿ, ಈಗ ಲಿಫ್ಟ್ ರಿಪೇರಿ ಮಾಡುವ ನಿಮ್ಮ ನವೀನ ಅಲ್ಲಿ ಹುಡುಗರಿಗೆ ವಾಲಿಬಾಲ್ ಹೇಳಿಕೊಡುತ್ತಾನೆ. ಮಾತ್ರೆ ಬಿಟ್ಟ ಕಥೆಯನ್ನು ತಾನೇ ಹೇಳುತ್ತಾನೆ. ಕೊಟ್ಟವರ ಹೆಸರನ್ನು ಇವತ್ತಿಗೂ ಹೇಳಿಲ್ಲ.

ಒಮ್ಮೆ ಒಬ್ಬ ತಂದೆ, ತನ್ನ ಹುಡುಗನನ್ನು ಯಾರೋ ಕೆಡಿಸಿದರೆಂದು ಕೂಗಾಡುತ್ತಿದ್ದರು. ನೀವು, “ಕೆಡಿಸ್ದೋರ್ ಮನೇಲೂ ಒಬ್ಳು ತಾಯಿ ಇರ್ತಾಳಲ್ಲಣ್ಣ, ಅವಳ್ನೂ ಕರ್ಕೊಂಬನ್ನಿ” ಅಂದಿರಿ. ಸಭೆಯ ನಡಾವಳಿ ಬರೆಯುತ್ತಿದ್ದವಳು ನಾನು. ಆ ಮಾತನ್ನೂ ದುಂಡಗೆ ಬರೆದೆ. ಕೈ ನಡುಗಿತು ಅಂತ ಬರೆಯಬೇಕೆನಿಸುತ್ತಿದೆ... ನಡುಗಿದ ನೆನಪಿಲ್ಲ.

ಹೋದ ಭಾನುವಾರ ಅಧ್ಯಕ್ಷ ಸ್ಥಾನಕ್ಕೆ ನೀವೇ ನನ್ನ ಹೆಸರು ಹೇಳಿದಿರಿ. “ಮೇಡಮ್‌ನೇ ಮಾಡಿ. ಮೈಕ್ ಕೊಟ್ರೆ ಪೀರಿಯಡ್ ಮುಗಿಯೋವರ್ಗೂ ಬಿಡಲ್ಲ, ಅದೊಂದ್ ಸಹಿಸ್ಕೊಳ್ಳಿ!” ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಶ್ರುತಿಗೆ ಹೇಳಿದೆ. ಅವಳು ನಗಲಿಲ್ಲ.

“ನನ್ನ ಹೆಸರು ಹಿಡಿದೇ ಹೇಳಮ್ಮ. ಮದುವೆ, ಕೆಲಸ ಅಂತ ನನ್ನ ನೆಪ ಮಾಡ್ಕೋಬೇಡ. ಅವತ್ತೇ ಹೋಗಿ ಹೇಳ್ತೀನಿ ಅಂದಿದ್ದೆ, ಬಾಯ್ ಮುಚ್ಚಿಸಿದ್ದು ನೀನು.”

ನಿಜ. ಮಗಳನ್ನು ಕಾಪಾಡಿದೆ ಅಂದುಕೊಂಡಿದ್ದೆ. ಅವಳಿಗಿದ್ದ ಧೈರ್ಯವನ್ನು ನಾನು ತಡೆದೆ, ನಿಮ್ಮ ಮಗ ಅದರ ಬೆಲೆ ತೆತ್ತ. ಹೀಗೆ ಎದುರು ನಿಂತು ಹೇಳುವ ಮಗಳ ಬಗ್ಗೆ ನನಗೆ ಹೆಮ್ಮೆಯಿದೆ — ಆದರೆ ಆ ಹೆಮ್ಮೆಯಲ್ಲಿ ನನ್ನ ಪಾಲು ಏನೂ ಇಲ್ಲ.

ಅಧ್ಯಕ್ಷತೆ ಬೇಡವೆಂದು ನಮ್ಮ ಒಕ್ಕೂಟದ ಡಾಕ್ಟರಿಗೆ ತಿಳಿಸಿದ್ದೇನೆ. ಬರುವ ಭಾನುವಾರ ಹಾಲ್‌ನಲ್ಲಿ ಎದ್ದು ನಿಂತು, ನಮ್ಮ ಮನೆಯ ಮಾತು ಹೇಳುತ್ತೇನೆ. ನವೀನನ ಕಾಲೇಜಿಗೂ ಒಂದು ಕಾಗದ ಬರೆದಿಟ್ಟಿದ್ದೇನೆ. ಅವನು ಒಪ್ಪಿದರೆ ಮಾತ್ರ ಕಳಿಸುತ್ತೇನೆ. ಅವನನ್ನು ಕೇಳದೆ ಈಗಾಗಲೇ ಬೇಕಾದಷ್ಟು ಆಗಿಹೋಗಿದೆ.

ಇದನ್ನು ಎದುರಿಗೇ ಹೇಳಬಹುದಿತ್ತು. ಆದರೆ ನಾನು ಮಾತು ಮುಗಿಸುವ ಮೊದಲೇ ನೀವು “ಬಿಡಿ ಮೇಡಮ್” ಅಂದುಬಿಡುತ್ತೀರಿ. ನಿಮಗೆ ಸಿಟ್ಟು ಬರಲು ಸಮಯ ಬೇಕು. ಅದಕ್ಕಾಗಿ ಈ ಕಾಗದ. ಇವತ್ತೇ ನಿಮ್ಮ ಹೊಲಿಗೆ ಅಂಗಡಿಗೆ ಬಂದು ಕೈಗೆ ಕೊಟ್ಟು ಹೋಗುತ್ತೇನೆ. ಶನಿವಾರ ಸಂಜೆ ಶ್ರುತಿಯೂ ನಾನೂ ನಿಮ್ಮ ಮನೆಗೆ ಬರುತ್ತೇವೆ. ನವೀನನೂ ಇರಲಿ. ಬಾಗಿಲು ತೆಗೆಯದಿದ್ದರೆ ಹಿಂತಿರುಗುತ್ತೇವೆ, ಇನ್ನೊಂದು ದಿನ ಬರುತ್ತೇವೆ. ತೆಗೆದರೆ, ಕಾಫಿಗೆ ನೀರಿಡಲು ಏಳಬೇಡಿ.

ಮೊದಲು ಬೈಯಿರಿ.