ಗೇರ್‌ಬಾಕ್ಸಿನ ಮೇಲೆ ಒಂದೇ ಪದರ

ಆ ಕಾರಿನೊಳಗೆ ನಾವು ಮಾತಾಡುತ್ತಿರಲಿಲ್ಲ. ಆಡಿದರೂ ಕೇಳುತ್ತಿರಲಿಲ್ಲ. ನನ್ನ ಗಂಡ ವಡೋದರಾದ ಬ್ಯಾಂಕಿನಲ್ಲಿದ್ದಾಗ ಕೊಂಡ ಹಳೆಯ ವಿಲಾಯಿತಿ ಸ್ಪೋರ್ಟ್ಸ್ ಕಾರು ಅದು. ವಯಸ್ಸು ಹೆಚ್ಚುಕಡಿಮೆ ನಮ್ಮಷ್ಟೇ. ಎರಡೇ ಸೀಟು. ಸೀಟುಗಳ ನಡುವೆ ನಾಯಿ ಮಲಗಿದ ಹಾಗೆ ಒಂದು ಉದ್ದನೆಯ ಉಬ್ಬು, ಅದರ ಕೆಳಗೆ ಗೇರ್‌ಬಾಕ್ಸು. ಮೆಕ್ಯಾನಿಕ್ ಅದಕ್ಕೆ ಟನಲ್ ಎನ್ನುತ್ತಿದ್ದ. ಎಪ್ಪತ್ತರ ವೇಗ ದಾಟಿತೆಂದರೆ ಟನಲ್ಲಿನೊಳಗೆ ಹಿಟ್ಟಿನ ಗಿರಣಿ ಶುರುವಾಗುತ್ತಿತ್ತು. ಒಂದು ಗಂಟೆ ಓಡಿದ ಮೇಲೆ ಅದಕ್ಕೆ ಕಾಲು ತಗಲಿದರೆ ರೊಟ್ಟಿಯ ಹಂಚಿಗೆ ತಗಲಿದ ಹಾಗೆ. ನಾನು ಬಲಗಾಲಿನ ಪಕ್ಕಕ್ಕೆ ಮಡಚಿದ ಟವೆಲ್ ಇಟ್ಟುಕೊಂಡು ಕೂರುತ್ತಿದ್ದೆ.

ಇದನ್ನೆಲ್ಲ ತಮಾಷೆಯಾಗಿ ಬರೆಯಬಹುದಿತ್ತು, ಅವರ ಬಲಗಿವಿ ಹೋಗದಿದ್ದರೆ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ, "ಕಿವ್ಯಾಗ ನೀರು ಹೊಕ್ಕಂಗ ಆಗೇತಿ" ಅಂದರು. ನಾನು ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ಬಿಟ್ಟೆ. ಮರುದಿನವೂ ಬಿಟ್ಟೆ. ಹೀಗೆ ಎಂಟು ದಿನ ಎಂದು ನನ್ನ ನೆನಪು. ಅವರು ನಾಲ್ಕು ಎನ್ನುತ್ತಿದ್ದರು. ನನ್ನ ತಪ್ಪನ್ನು ಅರ್ಧಕ್ಕೆ ಇಳಿಸಲೆಂದೇ ನಾಲ್ಕು ಅನ್ನುತ್ತಿದ್ದರೋ, ನಾನೇ ಅದನ್ನು ಎರಡರಷ್ಟು ಮಾಡಿಕೊಂಡಿದ್ದೆನೋ. ವಡೋದರಾದ ಕಿವಿ ಡಾಕ್ಟರು ಅದು ನೀರಲ್ಲ, ನರ ಎಂದರು. ಮೊದಲ ದಿನವೇ ಬಂದಿದ್ದರೆ ಔಷಧಿ ಹಿಡಿಯುವ ಸಾಧ್ಯತೆ ಇತ್ತಂತೆ. ಎಡಗಿವಿ ಉಳಿದಿದೆ, ಅದನ್ನು ದೊಡ್ಡ ಸದ್ದಿನಿಂದ ದೂರ ಇಡಿ, ಅದಕ್ಕೂ ಹೀಗಾದರೆ ಒಂದು ಗಂಟೆಯೂ ಕಾಯಬೇಡಿ ಎಂದು ಹೇಳಿದರು. ಹೇಳಿದ್ದು ಅವರಿಗಲ್ಲ, ನನಗೆ.

ಆಮೇಲೆ ನಾವು ಅಹಮದಾಬಾದಿಗೆ ಬಂದೆವು, ಅಲ್ಲಿಂದ ಅವರಿಗೆ ಸೂರತ್‌ಗೆ ವರ್ಗವಾಯಿತು. ನಾನು ಅಹಮದಾಬಾದಿನಲ್ಲೇ, ಬೋಪಾಲ್ ಬಡಾವಣೆಯ ಫ್ಲ್ಯಾಟಿನಲ್ಲಿ ಉಳಿದೆ; ನನ್ನ ವಿಮೆ ಆಫೀಸು ಅದೇ ಊರಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿತ್ತು. ಪ್ರತಿ ಶನಿವಾರ ಅವರು ಅದೇ ಕಾರಿನಲ್ಲಿ ಬರುವುದು, ಭಾನುವಾರ ಹೋಗುವುದು. ಬಲಗಡೆ ಕೂತು ಓಡಿಸುವವರ ಎಡಗಿವಿ ಯಾವ ಕಡೆಗಿರುತ್ತದೆ? ಟನಲ್ಲಿನ ಕಡೆಗೆ. ಉಳಿದ ಒಂದೇ ಕಿವಿಯನ್ನು ವಾರಕ್ಕೆ ಎಂಟೊಂಬತ್ತು ತಾಸು ಆ ಗಿರಣಿಗೆ ಹಿಡಿದು ಬರುತ್ತಿದ್ದರು.

"ಟ್ರೇನಿನ್ಯಾಗ ಹೋಗ್ರಿ," ಅಂದೆ.

"ಟ್ರೇನಿನ್ಯಾಗ ಮಂದಿ ಮಾತಾಡಸ್ತಾರ. ಏನಂದ್ರಿ, ಏನಂದ್ರಿ ಅಂತ ಎಷ್ಟು ಸಲ ಕೇಳ್ಲಿ? ಇದರಾಗ ಯಾರೂ ಏನೂ ಕೇಳಂಗಿಲ್ಲ."

"ನಾ ಇದ್ರೂ?"

"ನೀ ಇದ್ರೂ. ಇದರಾಗ ಕುಂತ್ರ ನೀನೂ ಕಿವುಡಿನ. ಜೋಡಿ ಬರೋಬ್ಬರಿ ಆಗ್ತದ!"

"ಅರಳೀನರ ಇಟ್ಕೋರಿ ಕಿವ್ಯಾಗ."

"ಇರೋದೊಂದು ಕಿಟಕಿ. ಅದನ್ನೂ ಹಾಕ್ಕೊಂಡು ಕುಂತ್ರ ಉಸುರುಗಟ್ಟತೇತಿ ನನಗ."

ನಕ್ಕರು. ನನಗೆ ನಗು ಬರಲಿಲ್ಲ. ಮಾರುವುದಿಲ್ಲ, ಬಿಡುವುದಿಲ್ಲ, ಅರಳೆ ಇಡುವುದಿಲ್ಲ. ಹಾಗಾದರೆ ಗಿರಣಿಯ ಬಾಯನ್ನೇ ಮುಚ್ಚಬೇಕು ಎಂದು ತೀರ್ಮಾನಿಸಿದೆ. ತೀರ್ಮಾನ ದೊಡ್ಡ ಪದ. ದಿಕ್ಕು ತೋಚದೆ ಹಿಡಿದ ದಾರಿ ಅದು.

ವಡೋದರಾದ ಮಕರಪುರದಲ್ಲಿ, ಕಾರ್ಖಾನೆಗಳ ನಡುವೆ ಒಂದು ಶೆಡ್ಡಿನಲ್ಲಿ ಹಳೆಯ ಕಾರುಗಳ ಮೆಕ್ಯಾನಿಕ್ ಇದ್ದ. ಮೊದಲಿನಿಂದ ಈ ಕಾರು ನೋಡಿಕೊಂಡವನು ಅವನೇ. ನಾವು ವಡೋದರಾದಲ್ಲಿದ್ದಾಗ ನಾನು ಅವನಿಗೆ ಹತ್ತರವರೆಗೆ ಕನ್ನಡದಲ್ಲಿ ಎಣಿಸಲು ಕಲಿಸಿದ್ದೆ. ಬೋಲ್ಟ್ ಬಿಚ್ಚುವಾಗೆಲ್ಲ ನನ್ನ ಕಡೆ ನೋಡುತ್ತಾ, "ಒಂದು, ಯರಡು, ಮೂರು… ಬರಾಬರ್ ಛೇ, ಬೇನ್?" ಸರಿಯಿದೆಯಾ ಅಕ್ಕಾ, ಎನ್ನುವನು. ಈಗ ಫೋನ್ ಮಾಡಿದರೆ ಅವನಿಗೆ ಬೆನ್ನು ಹಿಡಿದಿತ್ತು, ಒಂದು ತಿಂಗಳು ಕಾರಿನೊಳಗೆ ಬಗ್ಗುವಂತಿರಲಿಲ್ಲ. ಒಂದು ತಿಂಗಳು ಎಂದರೆ ಎಷ್ಟು ಭಾನುವಾರ. ನಾನೇ ಮಾಡುತ್ತೇನೆ ಅಂದೆ. ಅವನು ಸದ್ದು, ಶಾಖ ತಡೆಯುವ ನಾಲ್ಕು ಹಾಳೆ ಬಸ್ಸಿಗೆ ಹಾಕಿ ಕಳಿಸಿದ: ಒಂದು ಮೈ ಕಪ್ಪಗೆ ಅಂಟಂಟು, ಇನ್ನೊಂದು ಮೈ ಬೆಳ್ಳಿಯ ಹಾಗೆ ಹೊಳೆಯುವ ತಗಡು. ಫೋನಿನಲ್ಲಿ ಹೇಳಿದ:

"ಬೇನ್, ಢಕ್ಕನ್ ಖೋಲ್ ಕೇ ಶೀಟ್ ಊಂಧು ಲಗಾವ್‌ಜೋ. ಊಂಧು, ಹಾಂ? ಭೂಲ್‌ತಾ ನಹೀ."

"ಒಂದು! ಸಮಝ್ ಗಯೀ," ಅಂದೆ. ಅವನು ಜೋರಾಗಿ ನಕ್ಕ. ಕನ್ನಡದಲ್ಲಿ ಎಣಿಸಿದನಲ್ಲ ಎಂದು ನಾನೂ ನಕ್ಕೆ.

ಊಂಧು ಎಂದರೆ ಗುಜರಾತಿಯಲ್ಲಿ ಬೋರಲು, ತಲೆಕೆಳಗು. ಟನಲ್ಲಿನ ಮುಚ್ಚಳ ಬಿಚ್ಚಿ, ಬೋರಲು ಹಾಕಿ, ಅದರ ಹೊಟ್ಟೆಯ ಕಡೆಗೆ ಎರಡು ಪದರ ಅಂಟಿಸಬೇಕು. ಹೊಳೆಯುವ ಮೈ ಗೇರ್‌ಬಾಕ್ಸನ್ನು ನೋಡಬೇಕು, ಶಾಖವನ್ನು ಅದು ಅಲ್ಲೇ ಹಿಂದಕ್ಕೆ ತಳ್ಳಬೇಕು. ಅವನ ಮಾತಿನ ಅರ್ಥ ಇದು, ನಾಲ್ಕು ಹಾಳೆ ಕಳಿಸಿದ್ದೂ ಅದಕ್ಕೇ. ಪ್ರತಿ ಚಳಿಗಾಲದಲ್ಲಿ ಅಕ್ಕಪಕ್ಕದವರು ಕೊಟ್ಟ ಊಂಧಿಯು ಎಂಬ ತರಕಾರಿ ಪಲ್ಯ ತಿಂದಿದ್ದೇನೆ. ಮಡಕೆ ಬೋರಲು ಹೂತು ಬೇಯಿಸುವುದರಿಂದ ಅದಕ್ಕೆ ಆ ಹೆಸರು ಎಂದು ಯಾರೋ ಹೇಳಿಯೂ ಇದ್ದರು. ಆದರೂ ನನಗೆ ಕೇಳಿಸಿದ್ದು ಒಂದು. ನನ್ನ ಎರಡೂ ಕಿವಿ ಗಟ್ಟಿಯಾಗಿದ್ದವು.

ಅವರಿಗೆ ಮೂರು ದಿನ ರಜೆ ಇದ್ದ ವಾರ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ ಸೀಟು ಹೊರಗಿಟ್ಟೆ, ಕಾರ್ಪೆಟ್ ಕಿತ್ತೆ, ಇಪ್ಪತ್ತಕ್ಕೂ ಹೆಚ್ಚು ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೆ. ಹಾಳೆಯನ್ನು ಅಂಗಿಯ ಬಟ್ಟೆಯ ಹಾಗೆ ಕತ್ತರಿಸಿ, ಮುಚ್ಚಳದ ಮೇಲ್ಮೈಗೆ, ಅಂಚಿನವರೆಗೂ ಎಳೆದು ಅಂಟಿಸಿ, ಲಟ್ಟಣಿಗೆಯಿಂದ ಒತ್ತಿದೆ. ಒಂದೇ ಪದರ. ಎರಡು ಹಾಳೆ ಮಿಕ್ಕವು. ಮಿಕ್ಕಿದ್ದೇಕೆ ಎಂದು ಕೇಳಿಕೊಳ್ಳಲಿಲ್ಲ. ಅಂಚು ದಪ್ಪವಾಗಿದ್ದರಿಂದ ಮುಚ್ಚಳ ಸರಿಯಾಗಿ ಕೂರಲಿಲ್ಲ. ಸಂದಿನಲ್ಲಿ ಬೆರಳು ಹೋಗುತ್ತಿತ್ತು. ಅದರ ಮೇಲೆ ಕಾರ್ಪೆಟ್ ಎಳೆದೆ. ಅವರು ಮೆಟ್ಟಿಲ ಮೇಲೆ ಕೂತು, "ಹೋಳಿಗಿ ಮಾಡಾಕತ್ತೀಯೇನ?" ಎಂದು ಕೆಣಕುತ್ತಿದ್ದರು. ಆಗ ನಾನು ಕೊಟ್ಟ ಉತ್ತರ ಅವರಿಗೆ ಕೇಳಿಸಿತ್ತು. ಇಷ್ಟು ಖಂಡಿತ. ಅಥವಾ ಇಷ್ಟು ಖಂಡಿತವಾಗಿರಲಿ ಎಂದು ನನ್ನ ಆಸೆ.

ಭಾನುವಾರ ನಾನೂ ಹೊರಟೆ, ನನ್ನ ಕೆಲಸ ಪರೀಕ್ಷಿಸಲು. ಎಕ್ಸ್‌ಪ್ರೆಸ್‌ವೇ ಹತ್ತಿದ ಹತ್ತು ನಿಮಿಷಕ್ಕೆ ಗೊತ್ತಾಯಿತು: ಸದ್ದು ತಗ್ಗಿಲ್ಲ, ಹೆಚ್ಚಾಗಿದೆ. ಸಂದಿನಿಂದ ಬಿಸಿಗಾಳಿ ಸೀರೆಯ ನೆರಿಗೆಗೆ ನುಗ್ಗುತ್ತಿತ್ತು, ಅಂಟು ಕರಗಿದ ವಾಸನೆ. ವಡೋದರಾದ ಟೋಲ್‌ನಲ್ಲಿ ಕಾರು ನಿಂತಾಗ ಕ್ಷಮಿಸಿ ಅನ್ನಬೇಕೆಂದಿದ್ದೆ. ಅವರು ನನ್ನ ಕಡೆ ತಿರುಗಿ, ಟೋಲ್ ಹುಡುಗಿ ಬೆಚ್ಚುವಷ್ಟು ಗಟ್ಟಿಯಾಗಿ ಹೇಳಿದರು:

"ಏನ್ ಮಾಡೀದಿ ಮಾರಾಯ್ತಿ! ಒಂಚೂರೂ ಸಪ್ಪಳಿಲ್ಲ ನೋಡ!"

ನಗುತ್ತಿದ್ದರು. ನಾನು ತಲೆಯಾಡಿಸಿದೆ.

ಮುಂದೆ ಆದದ್ದನ್ನು ನಾನು ಹಲವು ಬಾರಿ ಬರೆದು ಹರಿದಿದ್ದೇನೆ. ಒಂದು ಬರಹದಲ್ಲಿ ನಾನು ತಕ್ಷಣ ಅವರ ತೋಳು ಹಿಡಿಯುತ್ತೇನೆ, ಮಕರಪುರದ ತಿರುವಿನಲ್ಲೇ ಕಾರು ಡಾಕ್ಟರ ಮನೆಗೆ ಹೊರಳುತ್ತದೆ. ನೆನಪು ಅದನ್ನೇ ಕೊಡುತ್ತದೆ, ಬಣ್ಣಗಳ ಸಮೇತ. ಆದರೆ ನನ್ನ ಫೋನಿನಲ್ಲಿ ಟೋಲ್‌ಗಳ ಸಂದೇಶಗಳಿವೆ. ವಡೋದರಾ ಆದ ಮೇಲೆ ಸೂರತ್ ದಾರಿಯ ಕರ್ಜನ್. ಕರ್ಜನ್ ಆದ ಮೇಲೆ ಭರೂಚ್. ನಡುವೆ ಒಂದು ಗಂಟೆಗೂ ಹೆಚ್ಚು.

ಆ ಗಂಟೆಯಲ್ಲಿ ನಾನು, "ರೀ" ಎಂದೆ. ಆಮೇಲೆ ಕೂಗಿದೆ. ಹಿಂದಿನ ಲಾರಿ ಹಾರ್ನ್ ಬಡಿದು ಬಡಿದು ಎಡಗಡೆಯಿಂದ ದಾಟಿತು. ಅವರು ಕನ್ನಡಿ ನೋಡಲಿಲ್ಲ. ನನ್ನ ಎರಡೂ ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ ನೋಡಿದೆ. ಆಗಲೂ ಗಿರಣಿ ಕೇಳಿಸಿತು. ಆದರೂ ಕೂತಿದ್ದೆ. ಅವರು ತಾಳ ಹಾಕುತ್ತಾ ಓಡಿಸುತ್ತಿದ್ದರು. ನಾನು ಬಾಯಿ ತೆರೆದರೆ ಅದು ನಿಜವಾಗುತ್ತದೆ, ತೆರೆಯದಿದ್ದರೆ ನನ್ನ ಹಾಳೆ ಕೆಲಸ ಮಾಡಿದೆ. ಎಂಥ ಲೆಕ್ಕ! ನರ್ಮದೆಯ ಸೇತುವೆಯ ಮುಂದೆ ಅವರ ಎಡಗೈಯನ್ನು ಗೇರಿನಿಂದ ಎತ್ತಿ ಟನಲ್ಲಿನ ಮೇಲೆ ಒತ್ತಿದೆ. ಅದು ಸುಡುತ್ತಿತ್ತು, ಗಡಗಡ ನಡುಗುತ್ತಿತ್ತು. ಅವರ ಮುಖದ ನಗು ಹೋಯಿತು. ಕಾರು ಪಕ್ಕಕ್ಕೆ ನಿಲ್ಲಿಸಿ ಬಹಳ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದರು.

"ಹೊಳ್ಳಿ ಹೋಗೂಣ್ರಿ," ಅಂದೆ. ತುಟಿ ನೋಡಿ ತಿಳಿದುಕೊಂಡರು.

ವಡೋದರಾಕ್ಕೆ ಮರಳಿ, ಭಾನುವಾರವಾದ್ದರಿಂದ ಡಾಕ್ಟರ ಮನೆಗೇ ಹೋದೆವು. ಡಾಕ್ಟರು ಚೀಟಿ ಎಳೆದುಕೊಂಡು, ಯಾವಾಗಿನಿಂದ ಎಂದು ಕೇಳಿದರು.

"ಈಗ, ಭರೂಚ್ ಹತ್ತಿರ," ಅಂದೆ.

"ಏನ್ ಕೇಳಿದ್ರು? ನೀ ಏನ್ ಹೇಳಿದಿ?" ನನ್ನ ಗಂಡ ಕೇಳಿದರು. ಫೋನಿನಲ್ಲಿ ಬರೆದು ತೋರಿಸಿದೆ. ಅವರು ಓದಿದರು. ಫೋನು ತಮ್ಮ ಕೈಗೆ ತೆಗೆದುಕೊಂಡು ಭರೂಚ್ ಅಳಿಸಿ, ಬೇರೆ ಬರೆದು, ನನಗೆ ತೋರಿಸಿ, ಬಾಯಲ್ಲೂ ಗಟ್ಟಿಯಾಗಿ ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದರು: ಮುಂಜಾನೆ ಎದ್ದಾಗಿಂದನ ಕಿವಿ ಕೇಳಸ್ತಿರಲಿಲ್ಲ.

ಡಾಕ್ಟರು ನಾನು ಹೇಳಿದ ಸಮಯವನ್ನು ಹೊಡೆದುಹಾಕಿ ಬೆಳಿಗ್ಗೆ ಎಂದು ಬರೆದರು. ಚುಚ್ಚುಮದ್ದು ಕೊಟ್ಟರು. ಅದು ಹಿಡಿಯಲಿಲ್ಲ.

ಕಿವಿ ಮುಂಜಾನೆಯೇ ಹೋಗಿದ್ದರೆ, ನನ್ನ ಮೂರು ದಿನದ ಕೆಲಸ ಹಾಳಾಗಬಾರದೆಂದು ಟೋಲ್‌ನಲ್ಲಿ ಹಾಗೆ ಹೊಗಳಿದರು. ಹೋಗಿರದಿದ್ದರೆ, ನನ್ನ ಒಂದು ಗಂಟೆಯನ್ನು ತಮ್ಮ ಮೇಲೆ ಹಾಕಿಕೊಂಡರು. ಎರಡರಲ್ಲಿ ಯಾವುದು? ಕತ್ತಲಲ್ಲಿ ಪಕ್ಕಕ್ಕೆ ತಿರುಗಿ ಪಿಸುಗುಟ್ಟಿ ಕೇಳುವಂಥ ಪ್ರಶ್ನೆ ಅದು. ಈಗ ಅದನ್ನು ದೀಪ ಹಾಕಿ, ಚೀಟಿಯಲ್ಲಿ ಬರೆದು, ಅವರು ಓದಿ ಮುಗಿಸುವವರೆಗೆ ಎದುರಿಗೆ ನಿಂತು ಕೇಳಬೇಕು.